ಆರನೇ ತರಗತಿಯ ಹೊಸ್ತಿಲಲ್ಲಿ

ಮಳೆಗಾಲ ಆರಂಭವಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಸಡಗರ ಕಾಣಿಸಿಕೊಳ್ಳುತ್ತದೆ. ಹೊಸ ಪುಸ್ತಕಗಳಿಗೆ ರಟ್ಟು ಹಾಕುವುದು, ಹೆಸರಿನ ಚೀಟಿ ಅಂಟಿಸುವುದು, ಹಳೆಯ ಚೀಲಕ್ಕೆ ಹೊಲಿಗೆ ಹಾಕುವುದು. ಮಗು ಐದನೆಯದನ್ನು ಮುಗಿಸಿ ಆರನೆಯ ತರಗತಿಗೆ ಹೋಗುತ್ತಿದೆಯೆಂದರೆ ಈ ಸಡಗರಕ್ಕೆ ಸ್ವಲ್ಪ ಗಾಂಭೀರ್ಯವೂ ಬೆರೆಯುತ್ತದೆ. ಕಂಪಾಸ್ ಪೆಟ್ಟಿಗೆ ಬೇಕು, ಭೂಪಟದ ಪುಸ್ತಕ ಬೇಕು, ಹಿಂದಿಗೆ ಬೇರೆ ಕಾಪಿ ಬೇಕು. ಎಲ್ಲ ಪಾಠಗಳನ್ನೂ ಒಬ್ಬರೇ ಟೀಚರು ಹೇಳಿಕೊಡುತ್ತಿದ್ದ ಕಾಲ ಮುಗಿಯಿತು. ಇನ್ನು ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು.

ಹನ್ನೊಂದು ವರ್ಷದ ಮಗುವಿನ ಬದುಕಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಅದುವರೆಗೆ 'ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿದ್ದ' ಎಂಬುದು ಅಜ್ಜಿಯ ಕಥೆಯಾಗಿತ್ತು. ಇನ್ನು ಮುಂದೆ ಆ ರಾಜನಿಗೆ ಇಸವಿ ಇರುತ್ತದೆ, ರಾಜಧಾನಿ ಇರುತ್ತದೆ, ಪರೀಕ್ಷೆಯಲ್ಲಿ ಅವನಿಗೆ ಅಂಕವೂ ಇರುತ್ತದೆ. ಕಥೆ ಚರಿತ್ರೆಯಾಗುವ ವಯಸ್ಸು ಇದು. 'ನಾವು ಯಾರು, ನಮ್ಮವರು ಯಾರು' ಎಂಬ ಪ್ರಶ್ನೆಗೆ ಸರಕಾರದ ಮುದ್ರೆಯಿರುವ ಉತ್ತರವೊಂದು ಮಗುವಿನ ಕೈಗೆ ಮೊದಲ ಬಾರಿಗೆ ಸಿಗುವುದೂ ಇದೇ ವಯಸ್ಸಿನಲ್ಲಿ.

ಹಾಗಾದರೆ ಮಾಧ್ಯಮಿಕ ಶಾಲೆಯ ಈ ಮೊದಲ ವರ್ಷದಲ್ಲಿ ಮಗು ಏನನ್ನು ಕಲಿಯಬೇಕೆಂದು ಯಾರು ತೀರ್ಮಾನಿಸುತ್ತಾ ಬಂದರು? ಯಾವ ಕಾಲದಲ್ಲಿ ಏನನ್ನು ಕಲಿಸಲಾಯಿತು? ಪಠ್ಯಪುಸ್ತಕದ ಬಗ್ಗೆ ಬೀದಿಯಲ್ಲಿ ಜಗಳವಾಗುವ ಈ ದಿನಗಳಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದೆಂದು ನಮಗನಿಸುತ್ತದೆ.

ಹೊನ್ನಾವರದ ಹದಿಮೂರು ಶಾಲೆಗಳು

ಕರ್ನಾಟಕದ ಶಾಲೆಗಳ ಕುರಿತು ಹೊರಗಿನವನೊಬ್ಬ ಬರೆದಿಟ್ಟ ಹಳೆಯ ಮಾತುಗಳಲ್ಲಿ ಒಂದು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನದು. 1342ರ ಸುಮಾರಿಗೆ ಆತ ಪಶ್ಚಿಮ ಕರಾವಳಿಯ ಹೊನ್ನಾವರಕ್ಕೆ ಬಂದ. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದುದನ್ನು ಕಂಡು ಬೆರಗಾದ. ಇಂತಹುದನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಬರೆದ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ದಾಖಲಿಸಿದ. ಮಕ್ಕಾ, ದಮಾಸ್ಕಸ್, ದೆಹಲಿಗಳನ್ನು ಕಂಡುಬಂದಿದ್ದ ಮನುಷ್ಯನ ಮಾತು ಇದು ಎಂಬುದನ್ನು ನೆನಪಿಡಬೇಕು.

ಇದಾಗಿ ಸುಮಾರು 130 ವರ್ಷಗಳ ಬಳಿಕ, 1472ರಲ್ಲಿ, ಬೀದರಿನಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನ ಮದರಸ ಪೂರ್ಣಗೊಂಡಿತು. ಮೂರಂತಸ್ತಿನ ಕಟ್ಟಡ, ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ. ನೀಲಿ ಹಂಚಿನ ಅದರ ಗೋಡೆಗಳ ಅವಶೇಷವನ್ನು ಇಂದಿಗೂ ನೋಡಬಹುದು. ಮಠಗಳು, ಅಗ್ರಹಾರಗಳು, ಜೈನ ಬಸದಿಗಳು, ದರ್ಗಾ-ಖಾನಕಾಗಳು ಹೀಗೆ ಕಲಿಕೆಯ ತಾಣಗಳು ನಾಡಿನುದ್ದಕ್ಕೂ ಇದ್ದವು. ಆದರೆ ಇವು ಎಲ್ಲರ ಮಕ್ಕಳಿಗೂ ತೆರೆದಿದ್ದ ಶಾಲೆಗಳೆಂದು ಹೇಳುವಂತಿಲ್ಲ. ಅಲ್ಲಿ 'ತರಗತಿ' ಎಂಬುದು ಇರಲಿಲ್ಲ. ಒಂದು ಗ್ರಂಥ ಮುಗಿದರೆ ಇನ್ನೊಂದು ಗ್ರಂಥ. ವಯಸ್ಸಿಗೆ ಇಷ್ಟು ಪಾಠ, ವರ್ಷಕ್ಕೊಂದು ಪರೀಕ್ಷೆ ಎಂಬ ಲೆಕ್ಕಾಚಾರ ಬಹಳ ತಡವಾಗಿ ಬಂದದ್ದು.

ಬಳ್ಳಾರಿಯ ಲೆಕ್ಕ

ಸಾಮಾನ್ಯರ ಮಕ್ಕಳು ಏನು ಕಲಿಯುತ್ತಿದ್ದರು ಎಂಬುದಕ್ಕೆ ಅಂಕಿ ಅಂಶಗಳೊಡನೆ ಸಿಗುವ ಚಿತ್ರ ಬಳ್ಳಾರಿಯದು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿ ಕಳುಹಿಸಿದ. 9,27,857 ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅಂದರೆ ಸುಮಾರು 140 ಜನರಿಗೆ ಒಬ್ಬ ವಿದ್ಯಾರ್ಥಿ.

ಈ ಶಾಲೆಗಳ ಭಾಷಾವಾರು ಲೆಕ್ಕ ಇನ್ನೂ ಸ್ವಾರಸ್ಯಕರ. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4. ಇಂಗ್ಲಿಷ್ ಶಾಲೆ ಒಂದೇ ಒಂದು! ಇನ್ನೂರು ವರ್ಷಗಳಲ್ಲಿ ಈ ಲೆಕ್ಕ ಹೇಗೆ ತಲೆಕೆಳಗಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಶಾಲೆಗಳನ್ನು ನಮ್ಮ ಕಡೆ ಕೂಲಿ ಮಠಗಳೆಂದೂ ಐಗಳ ಮಠಗಳೆಂದೂ ಕರೆಯುತ್ತಿದ್ದರು. ಮಗು ಐದನೇ ವಯಸ್ಸಿಗೆ ಸೇರುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ, ಆಮೇಲೆ ಹಲಗೆ, ಆಮೇಲೆ ಓಲೆ ಅಥವಾ ಕಡತ. ಬೆಳಗ್ಗೆ ಆರಕ್ಕೇ ಹಾಜರಾಗಬೇಕು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದರ್ಥ. ಮೂರನೆಯವನಿಂದ ಮೊದಲ್ಗೊಂಡು ಉಳಿದವರಿಗೆ ಏಟು. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಿದ್ದರು.

ಹತ್ತು ಹನ್ನೊಂದರ ಹೊತ್ತಿಗೆ, ಅಂದರೆ ಇಂದಿನ ಆರನೆಯ ತರಗತಿಯ ವಯಸ್ಸಿಗೆ, ಹುಡುಗ ಮಗ್ಗಿ, ತೂಕ-ಅಳತೆ, ಬಡ್ಡಿ ಲೆಕ್ಕಗಳನ್ನು ಕಲಿತು ಕಾವ್ಯ-ಪುರಾಣಗಳ ಕಂಠಪಾಠದಲ್ಲಿ ತೊಡಗಿರುತ್ತಿದ್ದ. ರಾಮಾಯಣ, ಭಾರತ, ಭಾಗವತಗಳು ಸಾಮಾನ್ಯವಾಗಿದ್ದವು. ಲಿಂಗಾಯತರ ಮಕ್ಕಳಿಗೆ ಬಸವ ಪುರಾಣ, ಗಿರಿಜಾ ಕಲ್ಯಾಣಗಳು, ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ, ಮನರಂಜನೆಗೆ ಪಂಚತಂತ್ರ. ಓದುವ ಕನ್ನಡ ಹಳೆಯದು, ಆಡುವ ಕನ್ನಡ ಬೇರೆ. ಆದ್ದರಿಂದ ಬಹುತೇಕ ಹುಡುಗರ ಕಲಿಕೆ ಗಿಳಿಪಾಠವಾಗಿದೆ, ಅರ್ಥ ಗುರುಗಳಿಗೇ ಗೊತ್ತಿಲ್ಲ ಎಂದು ಕ್ಯಾಂಪ್‌ಬೆಲ್ ಟೀಕಿಸಿದ. ಆದರೆ ಅವನೇ ಇನ್ನೊಂದು ಮಾತನ್ನೂ ಒಪ್ಪಿಕೊಂಡ. ಯುರೋಪಿನ ಬಟ್ಟೆ ಬಂದು ನೇಕಾರರ ಕಸುಬು ಕುಸಿದು, ಜನ ಬಡವರಾಗಿ, ಹಿಂದೆ ಶಾಲೆಯಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ ಎಂದು ಕಂಪನಿ ಸರಕಾರದ ನೌಕರನೇ ಬರೆದ. ಈ ದಾಖಲೆಗಳನ್ನು ಧರಂಪಾಲ್ 1983ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಬ್ರಿಟಿಷರಿಗಿಂತ ಮೊದಲು ನಮ್ಮಲ್ಲಿ ಶಾಲೆಯೇ ಇರಲಿಲ್ಲ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು.

ಆದರೂ ಹೆಮ್ಮೆಪಡುವ ಮುನ್ನ ಆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಮುಸ್ಲಿಮರು 243, ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಅವರೆಲ್ಲರೂ ಹುಡುಗರು. ಮನೆಯಲ್ಲೇ ಕಲಿತವರು ಈ ಲೆಕ್ಕದಲ್ಲಿಲ್ಲ ಎಂಬುದು ನಿಜ. ಆದರೆ ಹದಿನಾಲ್ಕನೇ ಶತಮಾನದ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಹದಿಮೂರು ಶಾಲೆಗಳಿದ್ದ ನಾಡಿನಲ್ಲಿ, ಐದು ಶತಮಾನ ಕಳೆಯುವಷ್ಟರಲ್ಲಿ ಇಡೀ ಜಿಲ್ಲೆಯ ಲೆಕ್ಕದಲ್ಲಿ ಒಬ್ಬ ಮುಸ್ಲಿಮ್ ಹುಡುಗಿಯೂ ಕಾಣದಿರುವುದಕ್ಕೆ ಬ್ರಿಟಿಷರನ್ನಷ್ಟೇ ದೂರಿದರೆ ಸಾಕೇ? ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ಮೂರು ಭಾಗವಾದ ಚರಿತ್ರೆ

1826ರಲ್ಲಿ ಮನ್ರೋ ತನ್ನ ಪ್ರಾಂತದ ಒಟ್ಟು ಲೆಕ್ಕ ಮುಂದಿಟ್ಟ. 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಪ್ರತಿ ಜಿಲ್ಲೆಯಲ್ಲೂ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ಮುಖ್ಯ ಶಾಲೆ, ತಾಲೂಕುಗಳಲ್ಲಿ ಚಿಕ್ಕ ಶಾಲೆಗಳು ಎಂಬ ಯೋಜನೆಯನ್ನೂ ರೂಪಿಸಿದ. ಮರುವರ್ಷವೇ ಆತ ಕಾಲರಾದಿಂದ ತೀರಿಕೊಂಡ. ಯೋಜನೆ ಬಹುಕಾಲ ನಡೆಯಲಿಲ್ಲ. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು. 1854ರಲ್ಲಿ ಚಾರ್ಲ್ಸ್ ವುಡ್‌ನ ನಿರೂಪ ಬಂತು. ಶಿಕ್ಷಣ ಇಲಾಖೆ, ಇನ್‌ಸ್ಪೆಕ್ಟರು, ಅನುದಾನ, ಪ್ರಾಥಮಿಕದಿಂದ ವಿಶ್ವವಿದ್ಯಾಲಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವ್ಯವಸ್ಥೆ ಎಲ್ಲವೂ ಅದರ ಫಲ. ಮಿಡ್ಲ್ ಸ್ಕೂಲು ಎಂಬ ನಡುವಿನ ಮೆಟ್ಟಿಲು ಹುಟ್ಟಿಕೊಂಡದ್ದೂ ಹೀಗೆಯೇ. ಊರ ಭಾಷೆಯ ಓದು ಅಲ್ಲಿಗೆ ಮುಗಿದು ಸರಕಾರಿ ನೌಕರಿಯ ಭಾಷೆಯ ಓದು ಅಲ್ಲಿಂದ ಶುರು.

ಈ ಮೆಟ್ಟಿಲಿನಲ್ಲಿ ಮಗುವಿಗೆ ಸಿಕ್ಕ ಹೊಸ ವಿಷಯಗಳಲ್ಲಿ ಚರಿತ್ರೆಯೂ ಒಂದು. ಆದರೆ ಯಾವ ಚರಿತ್ರೆ? ಜೇಮ್ಸ್ ಮಿಲ್ ಎಂಬವನು ಭಾರತಕ್ಕೆ ಕಾಲಿಡದೆಯೇ ಲಂಡನ್ನಿನಲ್ಲಿ ಕುಳಿತು ಬರೆದ ಇತಿಹಾಸ 1817ರಲ್ಲಿ ಅಚ್ಚಾಗಿತ್ತು. ಅದರ ಪ್ರಭಾವದಿಂದ ಭಾರತದ ಚರಿತ್ರೆ ಮೂರು ಹೋಳಾಯಿತು: ಹಿಂದೂಗಳ ಕಾಲ, ಮುಸಲ್ಮಾನರ ಕಾಲ, ಬ್ರಿಟಿಷರ ಕಾಲ. ಮೂರನೆಯದನ್ನು ಮಾತ್ರ 'ಕ್ರೈಸ್ತರ ಕಾಲ' ಎಂದು ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲೆರಡು ಕಾಲಗಳಿಗೆ ಧರ್ಮದ ಹೆಸರು, ತಮ್ಮ ಕಾಲಕ್ಕೆ ದೇಶದ ಹೆಸರು! ಮುಂದೆ ಎಲಿಯಟ್ ಮತ್ತು ಡೌಸನ್ 1867ರಿಂದ 1877ರವರೆಗೆ ಎಂಟು ಸಂಪುಟಗಳಲ್ಲಿ ಪಾರಸಿ ಚರಿತ್ರೆಗಳ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದರು. ಹಳೆಯ ಅರಸರ ಕ್ರೌರ್ಯ ಓದಿದ ಜನ ಬ್ರಿಟಿಷರ ಆಳ್ವಿಕೆಯ ಬೆಲೆ ಅರಿಯಲಿ ಎಂಬುದು ತನ್ನ ಆಶಯವೆಂಬುದನ್ನು ಎಲಿಯಟ್ ಮುಚ್ಚಿಡಲಿಲ್ಲ.

ಬ್ರಿಟಿಷರು ಹೋದರು. ಧರ್ಮದ ಹೆಸರುಗಳ ಬದಲು 'ಪ್ರಾಚೀನ', 'ಮಧ್ಯಕಾಲೀನ', 'ಆಧುನಿಕ' ಎಂಬ ಹೆಸರುಗಳು ಬಂದವು. ಆದರೆ ಹೋಳು ಹೋಳಾಗಿಯೇ ಉಳಿಯಿತು. ಆರನೆಯ ತರಗತಿಗೆ ಪ್ರಾಚೀನ, ಏಳನೆಯದಕ್ಕೆ ಮಧ್ಯಕಾಲೀನ, ಎಂಟನೆಯದಕ್ಕೆ ಆಧುನಿಕ ಎಂಬ ಹಂಚಿಕೆ ದೇಶದಲ್ಲಿ ಬಹುಕಾಲ ನಡೆದುಬಂತು. ಇದರ ಪರಿಣಾಮವನ್ನು ಮಗುವಿನ ಕಣ್ಣಿನಿಂದ ನೋಡಿ. ಆರನೆಯ ತರಗತಿಯ ಪುಸ್ತಕದಲ್ಲಿ 'ನಮ್ಮ ಪೂರ್ವಜರು' ಇದ್ದಾರೆ. ಏಳನೆಯ ತರಗತಿಯಲ್ಲಿ 'ಬಂದವರು' ಬರುತ್ತಾರೆ, ಅದೂ ಕುದುರೆ ಏರಿ, ಕತ್ತಿ ಹಿಡಿದು.

ಒಂದು ನೆನಪು

ನಮ್ಮ ಶಾಲಾ ದಿನಗಳ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಗಜನಿ ಮಹಮೂದನ ಪಾಠ ನಡೆದಿತ್ತು. ಎಷ್ಟು ಸಲ ದಂಡೆತ್ತಿ ಬಂದ ಎಂದು ಮೇಷ್ಟ್ರು ಕೇಳಿದರು. 'ಹದಿನೇಳು' ಎಂದು ಇಡೀ ತರಗತಿ ಕೂಗಿತು. ಮುಂದಿನ ಬೆಂಚಿನ ಹುಡುಗನೊಬ್ಬ ಹಿಂದಿರುಗಿ ನಮ್ಮನ್ನು ನೋಡಿ ಮೆಲ್ಲಗೆ, 'ನಿಮ್ಮವನೇ ಅಲ್ವೇನೋ?' ಎಂದ. ಆತ ನಮ್ಮ ಗೆಳೆಯನೇ. ಅವನ ದನಿಯಲ್ಲಿ ದ್ವೇಷವಿರಲಿಲ್ಲ. ಪುಸ್ತಕದಲ್ಲಿ ಕಂಡದ್ದನ್ನು ಪಕ್ಕದಲ್ಲಿ ಕಂಡದ್ದಕ್ಕೆ ಜೋಡಿಸಿದ್ದ, ಅಷ್ಟೆ. ಆದರೆ ನಮಗೆ ಮುಖ ಎತ್ತಲಾಗಲಿಲ್ಲ. ಗಜನಿ ಎಲ್ಲಿದೆಯೆಂದೇ ಗೊತ್ತಿಲ್ಲದ ನಾವು, ಅಂದು ಮಧ್ಯಾಹ್ನದ ಬುತ್ತಿಯನ್ನು ಒಬ್ಬರೇ ಕುಳಿತು ತಿಂದೆವು.

ಆ ಮಾತು ಮೇಷ್ಟ್ರ ಕಿವಿಗೆ ಬಿದ್ದಿತ್ತು. ಮರುದಿನ ಅವರು ಪುಸ್ತಕ ತೆರೆಯಲಿಲ್ಲ. 'ಚೋಳರ ಸೈನ್ಯ ನಮ್ಮ ಕನ್ನಡ ಸೀಮೆಗೆ ನುಗ್ಗಿ ಊರು ಸುಟ್ಟಿತು, ಹೆಂಗಸರು ಮಕ್ಕಳೆನ್ನದೆ ಕೊಂದಿತು ಅಂತ ಕಲ್ಲಿನ ಮೇಲೆ ಬರೆದಿದ್ದಾರೆ. ಈ ಕ್ಲಾಸಿನಲ್ಲಿ ಚೋಳರ ಕಡೆಯವರು ಯಾರಿದ್ದೀರಿ? ಏಳ್ರಯ್ಯ' ಎಂದರು. ಯಾರೂ ಏಳಲಿಲ್ಲ. ಎಲ್ಲರೂ ನಕ್ಕರು. 'ಹಾಗಾದರೆ ಗಜನಿಯ ಕಡೆಯವರೂ ಇಲ್ಲಿ ಯಾರೂ ಇಲ್ಲ. ತಿಳೀತಾ?' ಎಂದು ಹೇಳಿ ಪಾಠ ಮುಂದುವರಿಸಿದರು. ಅವರು ಹೇಳಿದ್ದು 1007ರ ಹೊಟ್ಟೂರು ಶಾಸನದ ವಿಷಯ ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1791ರಲ್ಲಿ ಮರಾಠರ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು, ಮಠದ ಪುನಃಸ್ಥಾಪನೆಗೆ ಟಿಪ್ಪು ಸುಲ್ತಾನ್ ಕನ್ನಡದಲ್ಲೇ ಪತ್ರ ಬರೆದು ನೆರವಾದದ್ದು ತಿಳಿದದ್ದೂ ಆಮೇಲೆಯೇ.

ಅರಸರ ಅನ್ಯಾಯಗಳನ್ನು ಮಕ್ಕಳಿಂದ ಮುಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. ಗಜನಿ ಸುಲಿಗೆ ಮಾಡಿದ್ದನ್ನು ಸುಲಿಗೆ ಎಂದೇ ಹೇಳಬೇಕು. ಆದರೆ ಸುಲಿಗೆಗೆ ಧರ್ಮದ ಹೆಸರಿಟ್ಟು, ಆ ಧರ್ಮದ ಮಗುವನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಬಾರದು. ಒಬ್ಬ ಒಳ್ಳೆಯ ಮೇಷ್ಟ್ರು ಎರಡು ನಿಮಿಷದಲ್ಲಿ ಮಾಡಿದ ಈ ಕೆಲಸವನ್ನು ಪಠ್ಯಪುಸ್ತಕವೇ ಮಾಡಿದ್ದರೆ!

ನಾಲ್ಕು ಕರ್ನಾಟಕ, ನಾಲ್ಕು ಶಾಲೆ

1956ಕ್ಕೆ ಮೊದಲು ಕನ್ನಡದ ಮಕ್ಕಳೆಲ್ಲ ಒಂದೇ ಪಾಠ ಓದುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. ಮುಂದೆ ಶಾಸನಗಳ ಸಂಗ್ರಹದಿಂದ ಹೆಸರಾದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ತಂದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಧಾರವಾಡದ ಕಡೆ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834-1881) ಹಳ್ಳಿ ಹಳ್ಳಿ ತಿರುಗಿ ಕನ್ನಡ ಶಾಲೆಗಳನ್ನು ಕಟ್ಟಿದರು. ಅಲ್ಲಿ ಏಳನೆಯ ಇಯತ್ತೆ ಮುಗಿಸಿ 'ಮುಲ್ಕಿ' ಪಾಸಾದರೆ ಮಾಸ್ತರಿಕೆಯೋ ತಲಾಠಿ ಕೆಲಸವೋ ಖಾತ್ರಿ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಬಾಸೆಲ್ ಮಿಶನ್ನಿನ ಅಚ್ಚುಕೂಟ 1841ರಿಂದಲೇ ಪುಸ್ತಕ ಅಚ್ಚು ಹಾಕುತ್ತಿತ್ತು. ಆಮೇಲೆ ಪಂಜೆ ಮಂಗೇಶರಾಯರಂಥವರು ಮಕ್ಕಳ ಕನ್ನಡಕ್ಕೆ ಜೀವ ತುಂಬಿದರು.

ನಿಜಾಮರ ಆಳ್ವಿಕೆಯ ರಾಯಚೂರು, ಕಲಬುರ್ಗಿ, ಬೀದರಗಳ ಕಥೆಯೇ ಬೇರೆ. ಅಲ್ಲಿ ಕೆಳಗಿನ ಶಾಲೆಗೆ 'ತಹತಾನಿಯಾ', ನಡುವಿನದಕ್ಕೆ 'ವಸ್ತಾನಿಯಾ', ಮೇಲಿನದಕ್ಕೆ 'ಫೌಕಾನಿಯಾ' ಎಂಬ ಹೆಸರು. ಕನ್ನಡದ ಓದು ಕೆಳಗಿನ ಹಂತಕ್ಕೆ ಮುಗಿದು, ಮುಂದಕ್ಕೆ ಉರ್ದುವೇ ಬೋಧನೆಯ ಭಾಷೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ಹಳ್ಳಿಯ ಹುಡುಗ ಇದ್ದಕ್ಕಿದ್ದಂತೆ ಗಣಿತ, ಭೂಗೋಳಗಳನ್ನು ಬೇರೆ ಭಾಷೆಯಲ್ಲಿ, ಬೇರೆ ಲಿಪಿಯಲ್ಲಿ ಕಲಿಯಬೇಕು. ಎಷ್ಟೋ ಮಕ್ಕಳು ಆ ಹೊಸ್ತಿಲಲ್ಲೇ ಮುಗ್ಗರಿಸಿ ಮನೆಗೆ ಮರಳಿರಬೇಕು. ಇದು ಕನ್ನಡದ ಮಕ್ಕಳಿಗಾದ ಅನ್ಯಾಯ. ಉರ್ದುವನ್ನು ಪ್ರೀತಿಸುವ ನಾವು ಇದನ್ನು ಹಿಂಜರಿಕೆಯಿಲ್ಲದೆ ಒಪ್ಪಿಕೊಳ್ಳಬೇಕು. ಯಾವ ಭಾಷೆಯೂ ಮಗುವಿನ ತಾಯ್ನುಡಿಯನ್ನು ತಳ್ಳಿ ಅದರ ಸ್ಥಾನದಲ್ಲಿ ಕೂರಬಾರದು. ಆದರೆ ಆ ಹೊಸ್ತಿಲನ್ನು ದಾಟಿದವರಲ್ಲಿ ಕೆಲವರು ಎರಡೂ ಭಾಷೆಗಳನ್ನು ಒಲಿಸಿಕೊಂಡರೆಂಬುದೂ ಸತ್ಯ. ಕನ್ನಡಕ್ಕೆ ಗಜಲನ್ನು ತಂದವರಲ್ಲಿ ಮೊದಲಿಗರಾದ ರಾಯಚೂರಿನ ಶಾಂತರಸರು, ಉರ್ದು ಬಲ್ಲ ಕವಿ ಸಿದ್ದಯ್ಯ ಪುರಾಣಿಕರು ಆ ಮಣ್ಣಿನವರು.

ಶಾಲೆಯ ಮಾತುಗಳನ್ನೇ ನೋಡಿ. ಪಾಠ, ಪರೀಕ್ಷೆ ಸಂಸ್ಕೃತದಿಂದ ಬಂದವು. ಬೆಂಚು, ಸ್ಲೇಟು ಇಂಗ್ಲಿಷಿನವು. ಹಾಜರಿ, ರಜೆ, ಕಾಗದ, ಶಾಯಿ, ದೌತಿ, ದಾಖಲೆ, ತಾರೀಖುಗಳು ಅರಬಿ-ಪಾರಸಿಯಿಂದ ಬಂದವು. ಬರಹ, ಓದು, ಮಗ್ಗಿ ಕನ್ನಡದವೇ. ಯಾವ ಸಮಿತಿಯೂ ಕುಳಿತು ಇವನ್ನು ಹಂಚಿಕೊಡಲಿಲ್ಲ. ಪಠ್ಯಪುಸ್ತಕ ಹೇಳಲು ಮರೆತ ಚರಿತ್ರೆಯನ್ನು ಮಗು ಪ್ರತಿದಿನ ಹಾಜರಿ ಕೂಗುವಾಗಲೇ ಹೇಳುತ್ತಿರುತ್ತದೆ.

ಏಕೀಕರಣದ ನಂತರ ನಾಲ್ಕೂ ಕಡೆಯ ಮಕ್ಕಳನ್ನು ಒಂದೇ ಪಠ್ಯಕ್ರಮದಡಿ ತರುವ ಕೆಲಸ ನಡೆಯಿತು. ಆಗ ಹಿರಿಯ ಪ್ರಾಥಮಿಕ ಶಾಲೆಯೆಂದರೆ ಐದರಿಂದ ಏಳು. ಆ ಕಾಲದ ಕನ್ನಡ ಮಾಧ್ಯಮದವರಿಗೆ ಐದನೆಯ ತರಗತಿಯೆಂದರೆ ಎಬಿಸಿಡಿಯ ನೆನಪು. ಇಂಗ್ಲಿಷ್ ಅಲ್ಲಿಂದಲೇ ಶುರು. 2007-08ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದ ಮೇಲೆ ಆ ನೆನಪು ಅಳಿಯಿತು. ಹಿಂದಿ ಆರನೆಯದಕ್ಕೆ ಸೇರಿತು. 1964-66ರ ಕೊಠಾರಿ ಆಯೋಗ ಮತ್ತು 1968ರ ಶಿಕ್ಷಣ ನೀತಿ ಎತ್ತಿಹಿಡಿದ ತ್ರಿಭಾಷಾ ಸೂತ್ರ ಮಗುವಿನ ಚೀಲದಲ್ಲಿ ಪುಸ್ತಕವಾಗಿ ಕುಳಿತದ್ದು ಈ ಹಂತದಲ್ಲೇ. ಉರ್ದು ಮಾತಾಡುವ ಮನೆಗಳ ಮಗುವಿಗೆ ಉರ್ದು, ಕನ್ನಡ, ಇಂಗ್ಲಿಷ್, ಹಿಂದಿಗಳ ಜೊತೆಗೆ ಸಂಜೆಯ ಮಕ್ತಬಿನಲ್ಲಿ ಅರಬಿ ಅಕ್ಷರ ಬೇರೆ. ಇಷ್ಟು ಲಿಪಿಗಳನ್ನು ಹೊತ್ತು ನಡೆಯುವ ಮಗುವನ್ನು ಹಿಂದುಳಿದವನೆಂದು ಜರೆಯುವ ಮೊದಲು ಅದರ ಹೊರೆಯನ್ನೊಮ್ಮೆ ತೂಗಿ ನೋಡುವುದು ನ್ಯಾಯ.

ಪುಸ್ತಕದ ಮೇಲಿನ ಹಗ್ಗಜಗ್ಗಾಟ

1966ರಲ್ಲಿ ಎನ್‌ಸಿಇಆರ್‌ಟಿ ಆರನೆಯ ತರಗತಿಗೆ ರೋಮಿಲಾ ಥಾಪರ್ ಬರೆದ ಪ್ರಾಚೀನ ಭಾರತದ ಪುಸ್ತಕವನ್ನು ಹೊರತಂದಿತು. ರಾಜರ ಪಟ್ಟಿಯ ಬದಲು ಜನಜೀವನವನ್ನು ಹೇಳುವ ಪ್ರಯತ್ನ ಅದಾಗಿತ್ತು. ವಿವಾದವೂ ಜೊತೆಗೇ ಬಂತು. 1977ರಲ್ಲಿ ಜನತಾ ಸರಕಾರದ ಕಾಲದಲ್ಲಿ ಕೆಲವು ಚರಿತ್ರೆ ಪುಸ್ತಕಗಳನ್ನು ಹಿಂದೆಗೆದುಕೊಳ್ಳಬೇಕೆಂಬ ಒತ್ತಡ ಬಂತು. 2002ರಲ್ಲಿ ಹೊಸ ಪುಸ್ತಕಗಳು ಬಂದವು. 2004ರಲ್ಲಿ ಸರಕಾರ ಬದಲಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಧಾರದ ಮೇಲೆ 2006ರಲ್ಲಿ ಬಂದ ಆರನೆಯ ತರಗತಿಯ ಪುಸ್ತಕ, ಗತಕಾಲದ ಬಗ್ಗೆ ನಮಗೆ ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತಿತ್ತು. 2020ರ ಶಿಕ್ಷಣ ನೀತಿಯ ನಂತರ, 2024ರಲ್ಲಿ, ಅದರ ಸ್ಥಾನಕ್ಕೆ ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬೆಸೆದ ಒಂದೇ ಪುಸ್ತಕ ಬಂತು. ಸಿಂಧೂ ನಾಗರಿಕತೆಗೆ 'ಸಿಂಧೂ-ಸರಸ್ವತಿ' ಎಂಬ ಹೆಸರೂ ಸೇರಿತು. 2025ರಲ್ಲಿ ಏಳನೆಯ ತರಗತಿಯ ಹೊಸ ಪುಸ್ತಕದ ಮೊದಲ ಭಾಗ ಬಂದಾಗ ಅದರಲ್ಲಿ ದೆಹಲಿ ಸುಲ್ತಾನರೂ ಮೊಗಲರೂ ಇರಲಿಲ್ಲ. ಅವರು ಎಂಟನೆಯದಕ್ಕೆ ಹೋಗಿದ್ದರು, ಕ್ರೌರ್ಯದ ವರ್ಣನೆ ಗಾಢವಾಗಿತ್ತು. ಗತಕಾಲದ ಕೃತ್ಯಗಳಿಗೆ ಇಂದಿನ ಯಾರನ್ನೂ ಹೊಣೆಯಾಗಿಸಬಾರದೆಂಬ ಟಿಪ್ಪಣಿಯೂ ಆ ಪುಸ್ತಕದಲ್ಲಿತ್ತು. ನಮ್ಮ ಮೇಷ್ಟ್ರು ಹೇಳಿದ್ದೂ ಅದನ್ನೇ. ಆದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ವರ್ಣನೆಯೋ ಟಿಪ್ಪಣಿಯೋ ಎಂಬುದನ್ನು ತರಗತಿಯಲ್ಲಿ ನಿಂತವರೇ ಬಲ್ಲರು.

ಕರ್ನಾಟಕದಲ್ಲೂ ಇದೇ ಹಗ್ಗಜಗ್ಗಾಟ. ಬರಗೂರು ರಾಮಚಂದ್ರಪ್ಪನವರ ನೇತೃತ್ವದಲ್ಲಿ ಪರಿಷ್ಕೃತವಾದ ಪುಸ್ತಕಗಳು 2017-18ರಲ್ಲಿ ಬಂದವು. 2020ರ ಜುಲೈಯಲ್ಲಿ ಕೊರೋನಾ ಕಾರಣದಿಂದ ಪಾಠ ಕಡಿತ ಮಾಡುವಾಗ ಆರನೆಯ ತರಗತಿಯ ಯೇಸು ಕ್ರಿಸ್ತ ಮತ್ತು ಪ್ರವಾದಿ ಮುಹಮ್ಮದರ ಬೋಧನೆಗಳ ಭಾಗವೂ, ಏಳನೆಯ ತರಗತಿಯ ಟಿಪ್ಪು ಪಾಠವೂ ಕಡಿತದ ಪಟ್ಟಿಯಲ್ಲಿ ಕಂಡವು. ಆಕ್ಷೇಪ ಬಂದ ಮೇಲೆ ಸರಕಾರ ಆ ಪಟ್ಟಿಯನ್ನು ತಡೆಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆರನೆಯ ತರಗತಿಯದೇ 'ಹೊಸ ಧರ್ಮಗಳ ಉದಯ' ಪಾಠದ ಭಾಗವೊಂದು ಬ್ರಾಹ್ಮಣ ಸಮುದಾಯದ ಮನಸ್ಸಿಗೆ ನೋವುಂಟುಮಾಡುತ್ತದೆಂಬ ದೂರಿನ ಮೇಲೆ ಅದನ್ನು ಬೋಧಿಸದಂತೆ ಸೂಚನೆ ಹೊರಟಿತು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪುಸ್ತಕಗಳು ದೊಡ್ಡ ವಿವಾದಕ್ಕೆ ಕಾರಣವಾದವು. 2023ರ ಜೂನಿನಲ್ಲಿ ಹೊಸ ಸರಕಾರ ಆರರಿಂದ ಹತ್ತನೆಯ ತರಗತಿಯವರೆಗಿನ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳನ್ನು ಮತ್ತೆ ತಿದ್ದಿಸಿತು.

2017ರಿಂದ 2023ರೊಳಗೆ ಮೂರು ಸಲ ಪುಸ್ತಕ ಬದಲು! ಅಣ್ಣ ಓದಿದ್ದನ್ನು ತಂಗಿ ಓದುವುದಿಲ್ಲ. ಪ್ರತಿಯೊಂದು ಸಮುದಾಯಕ್ಕೂ ತನ್ನ ಬಗೆಗಿನ ಪುಟದ್ದೇ ಚಿಂತೆ. ನಮ್ಮ ಪುಟ ಉಳಿಯಿತೇ ಎಂದು ನಾವೂ ನೋಡಿದೆವಲ್ಲದೆ, ಇಡೀ ಪುಸ್ತಕ ಮಗುವಿಗೆ ಏನನ್ನು ಹೇಳುತ್ತಿದೆಯೆಂದು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಕಡಲು ಎಲ್ಲಿ ಹೋಯಿತು?

ಮಿಲ್ ಹಾಕಿಕೊಟ್ಟ ಹೋಳುಗಳಿಂದ ಆದ ದೊಡ್ಡ ನಷ್ಟವೆಂದರೆ ಕಡಲಿನದು. ಚರಿತ್ರೆಯಲ್ಲಿ ಎಲ್ಲರೂ ವಾಯವ್ಯದ ಕಣಿವೆಗಳಿಂದ ದಂಡೆತ್ತಿಯೇ ಬರುತ್ತಾರೆ. ಹಡಗೇರಿ ಸರಕು ತಂದವರು ಕಾಣುವುದೇ ಅಪರೂಪ. 1130ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿಗೆ ಬಂದು ನೆಲೆಸಿದ್ದ. ಏಡನ್ನಿನ ವರ್ತಕರೊಡನೆ ಅವನು ನಡೆಸಿದ ಪತ್ರವ್ಯವಹಾರ ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದು ಬಂತು. ಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳು ಬೊಮ್ಮನ ಹೆಸರೂ ಆ ಪತ್ರಗಳಲ್ಲಿದೆ. ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ಆ ಬೊಮ್ಮನನ್ನು ಹುಡುಕಿ ಮಂಗಳೂರಿನವರೆಗೆ ಬಂದರು.

ಬೊಮ್ಮ, ಬೆನ್ ಯಿಜು, ಏಡನ್ನಿನ ಅರಬರು. ಈ ಮೂವರ ಕಥೆ ಹನ್ನೊಂದು ವರ್ಷದ ಮಗುವಿಗೆ ಅರ್ಥವಾಗದ್ದೇನಲ್ಲ. ಕಲಿಯಲು ಬಂದವರು, ವ್ಯಾಪಾರಕ್ಕೆ ಬಂದವರು, ಇಲ್ಲೇ ಮದುವೆಯಾಗಿ ಉಳಿದವರು, ಇಲ್ಲಿಯೇ ಹುಟ್ಟಿ ಬೇರೆ ನಂಬಿಕೆ ಹಿಡಿದವರು ಎಲ್ಲರೂ ಸೇರಿಯೇ ಈ ನಾಡು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ತನ್ನ ಸಂಗೀತದ ಕೃತಿ 'ಕಿತಾಬ್-ಎ-ನವ್ರಸ್'ನ ಆರಂಭದಲ್ಲಿ ಸರಸ್ವತಿಯನ್ನು ಸ್ಮರಿಸಿದ. ಬಳ್ಳಾರಿಯ ಹುಡುಗನ ಅಂಗೈ ಮೇಲೆ ಬರೆದ ಹೆಸರೂ ಅದೇ ತಾನೆ? ಇಂತಹ ಪುಟಗಳು ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಆದರೂ ಹಗ್ಗಜಗ್ಗಾಟದಲ್ಲಿ ಇವನ್ನು ಹಿಡಿದೆಳೆಯುವವರಿಲ್ಲ.

ಹೊಸ್ತಿಲು ದಾಟದವರು

ಕೊನೆಯದಾಗಿ ಒಂದು ಮಾತು. ಪುಸ್ತಕದಲ್ಲಿ ಏನಿದೆ ಎಂಬ ಚರ್ಚೆ, ಪುಸ್ತಕ ಕೈಯಲ್ಲಿರುವ ಮಗುವಿಗೆ ಸಂಬಂಧಿಸಿದ್ದು. 2006ರ ಸಾಚಾರ್ ಸಮಿತಿಯ ವರದಿ, 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆಂದು ಹೇಳಿತ್ತು. ಮುಸ್ಲಿಮ್ ಮಕ್ಕಳೆಲ್ಲ ಮದರಸಗಳಲ್ಲಿದ್ದಾರೆಂಬ ಮಾತು ಸುಳ್ಳೆಂದೂ ಅದೇ ವರದಿ ತೋರಿಸಿತು. ಅಲ್ಲಿ ಓದುವವರು ನೂರಕ್ಕೆ ಮೂರೋ ನಾಲ್ಕೋ. ಹಾಗಾದರೆ ಉಳಿದವರೆಲ್ಲಿ? ಗ್ಯಾರೇಜಿನಲ್ಲಿ, ಬೀಡಿ ಕಟ್ಟುವಲ್ಲಿ, ತಮ್ಮ-ತಂಗಿಯರನ್ನು ಎತ್ತಿಕೊಂಡು ಮನೆಯ ಹೊಸ್ತಿಲಲ್ಲಿ. 2010ರ ಏಪ್ರಿಲಿನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ 14 ವರ್ಷದವರೆಗಿನ ಶಿಕ್ಷಣ ಮಗುವಿನ ಹಕ್ಕಾಯಿತು. ಆದರೆ ಹಕ್ಕು ಕಾಗದದಿಂದ ಇಳಿದು ಮನೆಬಾಗಿಲಿಗೆ ಬರಲು ಯಾರಾದರೊಬ್ಬರು ಕೈಹಿಡಿದು ನಡೆಸಬೇಕಾಗುತ್ತದೆ.

ಐದನೆಯದರವರೆಗೆ ಶಾಲೆ ಮನೆಯ ಪಕ್ಕದಲ್ಲೇ ಇರುತ್ತದೆ. ಆರನೆಯದಕ್ಕೆ ಪಕ್ಕದೂರಿಗೆ ನಡೆಯಬೇಕು. 'ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಓದಿದ್ದು ಸಾಕು' ಎಂಬ ಮಾತು ಹುಟ್ಟುವುದು ಅಲ್ಲೇ. ಆಗ ನಾವು ಹೊನ್ನಾವರವನ್ನು ನೆನಪಿಸಿಕೊಳ್ಳೋಣ. ಏಳುನೂರು ವರ್ಷಗಳ ಹಿಂದೆ ಲೋಕ ಸುತ್ತಿದ ಪ್ರವಾಸಿಯೊಬ್ಬ ಬೆರಗಾದದ್ದು ಅಲ್ಲಿನ ಅರಮನೆ ಕಂಡಲ್ಲ, ಹೆಣ್ಣುಮಕ್ಕಳ ಶಾಲೆ ಕಂಡು.

ಈ ಸಂಜೆ ನಿಮ್ಮ ಮನೆಯ ಆರನೆಯ ತರಗತಿಯ ಮಗುವಿನ ಚೀಲದಿಂದ ಸಮಾಜ ಪುಸ್ತಕವನ್ನು ತೆಗೆದು ನೀವೇ ಒಮ್ಮೆ ಓದಿ. ಅಲ್ಲಿರುವುದನ್ನು ಕೇಳಿ ತಿಳಿಯಿರಿ, ಅಲ್ಲಿಲ್ಲದ್ದನ್ನು ಹೇಳಿಕೊಡಿ. ಆಮೇಲೆ ಪಕ್ಕದ ಮನೆಯಲ್ಲಿ ಶಾಲೆ ಬಿಟ್ಟು ಕುಳಿತ ಮಗುವೊಂದಿದ್ದರೆ ಅದರ ತಂದೆ ತಾಯಿಯನ್ನು ಮಾತಾಡಿಸಿ. ಪುಸ್ತಕದಲ್ಲಿ ನಮ್ಮ ಪುಟ ಇರಲೇಬೇಕೆಂದು ನಾವು ಹೋರಾಡುತ್ತೇವೆ, ಹೋರಾಡಬೇಕಾದದ್ದೇ. ಆದರೆ ಆ ಪುಟ ತಿರುವಲು ನಮ್ಮ ಮಕ್ಕಳೂ ಆ ತರಗತಿಯಲ್ಲಿ ಕುಳಿತಿರಬೇಕಲ್ಲವೇ?